‘ಏನು ಬೇಕಾದ್ರೂ ಮಾಡ್ತೀನಿ ಸರ್’

(ಶಿವಮೊಗ್ಗದಲ್ಲಿ ಮಾಜಿ ಸೈನಿಕರು ಹಾಗೂ ರಜೆಯಲ್ಲಿ ಊರಿಗೆ ಬಂದಿದ್ದ ಸೈನಿಕರ ಎದುರು ಆಡಿದ ಮಾತಿನ ಬರಹ ರೂಪ)

ನಾನು ಎರಡು ಸಲ ನಿವೃತ್ತನಾದವನು. 1981ರಲ್ಲಿ ಹತ್ತೊಂಬತ್ತನೇ ವಯಸ್ಸಿಗೆ ಮಿಲ್ಟ್ರಿಗೆ ಸೇರಿದೆ. ಸೈನ್ಯಕ್ಕೆ ದಿನಸಿ, ಇಂಧನ ಪೂರೈಸುವ ಎಎಸ್‌ಸಿ ವಿಭಾಗದಲ್ಲಿ 24 ವರ್ಷ ಸ್ಟೋರ್ ಕೀಪರ್ ಆಗಿದ್ದು, 2005ರ ಜೂನ್‌ನಲ್ಲಿ ಹವಾಲ್ದಾರನಾಗಿ ಪೆನ್ಶನ್ ಬಂದೆ. ಆಮೇಲೆ 2007ರಿಂದ 2022ರವರೆಗೆ ಬ್ಯಾಂಕಿನಲ್ಲಿ ಗುಮಾಸ್ತ. ಎರಡೂ ಕಡೆ ಹಾರ ಹಾಕಿ ಕಳಿಸಿದರು. ಆದರೆ ನಾನಿವತ್ತು ಹೇಳಬೇಕು ಅಂದುಕೊಂಡಿರುವುದು ಆ ಎರಡು ಹಾರಗಳ ನಡುವೆ ಕೆಲಸ ಹುಡುಕುತ್ತಾ ಕಳೆದ ಇಪ್ಪತ್ತು ತಿಂಗಳ ವಿಷಯ. ಅಷ್ಟು ಗಲಿಬಿಲಿ ನನಗೆ ಗಡಿಯಲ್ಲೂ ಆಗಿರಲಿಲ್ಲ.

ತೀರ್ಥಹಳ್ಳಿ ಕಡೆಯ ನಮ್ಮ ಊರಿಗೆ ಕಪ್ಪು ಟ್ರಂಕು ಹೊತ್ತುಕೊಂಡು ಬಂದಾಗ ಮಳೆ ಹಿಡಿದಿತ್ತು. ಮೊದಲ ವಾರ ನೆಂಟರು, ಕೋಳಿ ಸಾರು. ಎರಡನೇ ವಾರ ಅಣ್ಣ ಜಗಲಿಯ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಕೇಳಿದ, “ಮುಂದೆ ಎಂತ ಮಾಡ್ತೀಯ?” ನನಗೆ ಆಗ 43. ಮಗ ಒಂಬತ್ತನೇ ಕ್ಲಾಸು. ಎರಡು ಎಕರೆ ತೋಟ ಇಪ್ಪತ್ತನಾಲ್ಕು ವರ್ಷ ಅಣ್ಣನ ಕೈಯಲ್ಲಿತ್ತು. ಅದು ಅವನ ಬೆವರು. ನಾನು ಬಂದ ಕೂಡಲೇ ಅರ್ಧ ಕೊಡು ಅನ್ನೋಕೆ ಬಾಯಿ ಬರುವುದಿಲ್ಲ. ಇಲ್ಲಿ ಕೂತಿರುವ ಅರ್ಧ ಜನಕ್ಕೆ ಈ ಜಗಲಿಯ ಪ್ರಶ್ನೆ ಗೊತ್ತಿದೆ. ಉಳಿದ ಅರ್ಧಕ್ಕೆ ಇನ್ನೆರಡು ಮೂರು ವರ್ಷದಲ್ಲಿ ಗೊತ್ತಾಗುತ್ತದೆ.

ಊರಿನವರ ತಲೆಯಲ್ಲಿ ಮಿಲ್ಟ್ರಿಯವನು ಅಂದರೆ ಸೆಕ್ಯುರಿಟಿ. ನನ್ನ ತಲೆಯಲ್ಲೂ ಅದೇ ಇತ್ತು. ಶಿವಮೊಗ್ಗದಲ್ಲಿ ಒಂದು ಎಟಿಎಂ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಏಳು ತಿಂಗಳು ಕೂತೆ. ಹನ್ನೆರಡು ಗಂಟೆ ಪಾಳಿ. ವಾರದ ರಜೆ ಕೇಳಿದರೆ ಬದಲಿ ಆಳನ್ನು ನಾನೇ ತರಬೇಕು. ಪಿಎಫ್ ಕಡಿದದ್ದಕ್ಕೆ ಚೀಟಿ ಇಲ್ಲ. ಗಾರ್ಡ್ ಕೆಲಸ ಕೀಳು ಅಂತ ನಾನು ಹೇಳುತ್ತಿಲ್ಲ, ರಾತ್ರಿಯಿಡೀ ಕಾವಲು ಕಾಯುವುದು ನಮಗೆ ಹೊಸದೂ ಅಲ್ಲ. ಆದರೆ ಹೋಗುವುದಾದರೆ ಕೇಳಿ ಹೋಗಿ. 2005ರ ಖಾಸಗಿ ಭದ್ರತಾ ಏಜೆನ್ಸಿಗಳ ಕಾಯ್ದೆ ಪ್ರಕಾರ ಏಜೆನ್ಸಿಗೆ ಲೈಸೆನ್ಸ್ ಇರಬೇಕು. ಇದೆಯಾ ಅಂತ ಕೇಳಿ. ಪಿಎಫ್ ನಂಬರ್ ಕೇಳಿ. ಡಿಜಿಆರ್, ಅಂದರೆ ರಕ್ಷಣಾ ಸಚಿವಾಲಯದ ಪುನರ್ವಸತಿ ಮಹಾನಿರ್ದೇಶನಾಲಯದ ಪಟ್ಟಿಯಲ್ಲಿರುವ ಏಜೆನ್ಸಿ ಆದರೆ ಇನ್ನೂ ಒಳ್ಳೆಯದು. ಅಲ್ಲಿ ಬಹುಪಾಲು ಗಾರ್ಡ್‌ಗಳು ನಮ್ಮವರೇ ಇರಬೇಕು ಅನ್ನುವ ನಿಯಮ ಇದೆ, ಕೂಲಿಯ ದರವೂ ನಿಗದಿಯಾಗಿರುತ್ತದೆ. ನಾನು ಇದ್ಯಾವುದನ್ನೂ ಕೇಳಲಿಲ್ಲ. ಕುರ್ಚಿ ಕೊಟ್ಟರು, ಕೂತೆ.

ಆ ಕುರ್ಚಿಯಲ್ಲಿ ಕೂತಿದ್ದಾಗಲೇ ಒಬ್ಬರು ಪರಿಚಯದವರು ಮಾಚೇನಹಳ್ಳಿ ಕಡೆಯ ಒಂದು ಫೌಂಡ್ರಿಗೆ ಕಳಿಸಿದರು. ಮಾಲೀಕರು ಒಳ್ಳೆಯವರು, ಟೀ ತರಿಸಿದರು. “ಸೈನ್ಯದಲ್ಲಿ ಇದ್ರಂತೆ, ಬಹಳ ಸಂತೋಷ. ನಿಮಗೆ ಏನು ಬರುತ್ತೆ?” ಅಂದರು. ನಾನು ಎದ್ದು ನಿಂತು ಹೇಳಿದೆ, “ಏನು ಬೇಕಾದ್ರೂ ಮಾಡ್ತೀನಿ ಸರ್.”

ಅವರು ಇನ್ನೊಂದು ಸಲ ಕೇಳಿದರು. ನಾನು ಇನ್ನೊಂದು ಸಲ ಅದನ್ನೇ ಹೇಳಿದೆ. “ಸರಿ, ಗೇಟಿನಲ್ಲಿ ಜಾಗ ಖಾಲಿ ಆದ್ರೆ ಹೇಳಿ ಕಳಿಸ್ತೀನಿ” ಅಂದರು.

ಈಗ ಯೋಚನೆ ಮಾಡಿ. ನಾನು ಲೇಹ್‌ನಲ್ಲಿ ಸ್ಟೋರ್ ನೋಡಿಕೊಂಡವನು. ಆಗೆಲ್ಲ ಜೋಜಿಲಾ ಕಣಿವೆಗೆ ಹಿಮ ಬಿದ್ದು ರಸ್ತೆ ಮುಚ್ಚಿದರೆ ಮತ್ತೆ ತೆರೆಯುತ್ತಿದ್ದದ್ದು ಬೇಸಿಗೆಗೆ. ಅಷ್ಟು ತಿಂಗಳ ಹಿಟ್ಟು, ಬೇಳೆ, ಸೀಮೆಎಣ್ಣೆ, ಡೀಸೆಲ್ ಎಲ್ಲ ಮುಂಚೆಯೇ ಲೆಕ್ಕ ಹಾಕಿ ತುಂಬಿಸಬೇಕಿತ್ತು. ಹಳೆಯದು ಮುಂದೆ, ಹೊಸದು ಹಿಂದೆ. ಬ್ಯಾರಲ್ ಸೋರಿದರೆ ಅದಕ್ಕೊಂದು ಕಾಗದ, ಇಲಿ ಚೀಲ ಕಡಿದರೆ ಅದಕ್ಕೊಂದು ಕಾಗದ. ಲೆಡ್ಜರಿನಲ್ಲಿರುವ ಅಂಕಿ ನೆಲದ ಮೇಲಿರುವ ಮಾಲಿಗೆ ತಾಳೆ ಆಗದಿದ್ದರೆ ಆ ರಾತ್ರಿ ನಿದ್ದೆ ಇಲ್ಲ. ಆ ಫೌಂಡ್ರಿಯ ಅಂಗಳದಲ್ಲಿ ಪಿಗ್ ಐರನ್ ಒಂದು ಕಡೆ, ಕೋಕ್ ಒಂದು ಕಡೆ, ಮರಳು ಮಳೆಯಲ್ಲಿ ನೆನೆಯುತ್ತಾ ಬಿದ್ದಿತ್ತು. ಅವರಿಗೆ ಬೇಕಾಗಿದ್ದದ್ದು ಒಬ್ಬ ಸ್ಟೋರ್ ಕೀಪರ್. ಅವರ ಎದುರಿಗೆ ಕೂತಿದ್ದದ್ದು ಒಬ್ಬ ಸ್ಟೋರ್ ಕೀಪರ್. ಆದರೆ ಆ ಪದ ನನ್ನ ಬಾಯಿಂದ ಹೊರಡಲಿಲ್ಲ. ಹುಕುಂ ಬಂದದ್ದನ್ನು ಮಾಡುವವನೇ ಒಳ್ಳೆಯ ಸಿಪಾಯಿ ಅಂತ ಇಪ್ಪತ್ತನಾಲ್ಕು ವರ್ಷ ಕಲಿತಿದ್ದೆ. ನಾಗರಿಕರ ಕಿವಿಗೆ ‘ಏನು ಬೇಕಾದ್ರೂ ಮಾಡ್ತೀನಿ’ ಅಂದರೆ ‘ನಂಗೆ ಏನೂ ಬರಲ್ಲ’ ಅಂತ ಕೇಳಿಸುತ್ತದೆ. ಇದು ಗೊತ್ತಾಗೋಕೆ ನನಗೆ ಒಂದು ವರ್ಷ ಬೇಕಾಯಿತು.

ಅದಕ್ಕೇ ಈಗ ನನ್ನ ಹತ್ತಿರ ಬರುವ ಹುಡುಗರಿಗೆ, ಹುಡುಗರು ಅಂದರೆ ನಲವತ್ತು ವರ್ಷದವರು, ಮೊದಲು ಒಂದು ಬಿಳಿ ಹಾಳೆ ಕೊಡುತ್ತೇನೆ. ಹೋದ ವರ್ಷ ಸೊರಬ ಕಡೆಯ ಒಬ್ಬ ಹವಾಲ್ದಾರ್ ಬಂದಿದ್ದ. “ನಿನ್ನ ಕೆಲಸ ಬರಿ” ಅಂದೆ. ಒಂದೇ ಸಾಲು ಬರೆದ: ‘ಎಂಟಿ ಹವಾಲ್ದಾರ್, 24 ವರ್ಷ ಸೇವೆ.’ ಎಂಟಿ ಅಂದರೆ ಸೈನ್ಯದ ವಾಹನ ವಿಭಾಗ.

“ಎಂಟಿ ಅಂದ್ರೆ ಇಲ್ಲಿಯವರಿಗೆ ಎಂತ ಗೊತ್ತು ಮಾರಾಯ? ಬೆಳಿಗ್ಗೆ ಎದ್ದು ಎಂತ ಮಾಡ್ತಿದ್ದೆ, ಅದು ಹೇಳು.”

“ಗಾಡಿ ಚೆಕ್ ಮಾಡ್ತಿದ್ದೆ ಸಾಬ್.”

“ಎಷ್ಟು ಗಾಡಿ?”

“ಇಪ್ಪತ್ತೆರಡು.”

“ಡ್ರೈವರ್‌ಗಳು?”

“ಮೂವತ್ತು ಜನ. ಯಾರಿಗೆ ಯಾವ ಗಾಡಿ, ಯಾರಿಗೆ ರಜ, ಎಲ್ಲ ನಾನೇ ಹಾಕ್ತಿದ್ದೆ.”

“ಡೀಸೆಲ್?”

“ಲೀಟರ್‌ಗೆ ಎಷ್ಟು ಓಡ್ತು ಅಂತ ಪ್ರತಿ ಗಾಡಿದೂ ಪುಸ್ತಕ ಇಟ್ಟಿದ್ದೆ. ಯಾರಾದ್ರೂ ಕದ್ರೆ ಮೂರನೇ ದಿನಕ್ಕೆ ಗೊತ್ತಾಗ್ತಿತ್ತು.”

“ಅಪಘಾತ?”

ಸ್ವಲ್ಪ ಹೊತ್ತು ಸುಮ್ಮನಿದ್ದ. “ನಾನಿದ್ದ ಕೊನೇ ಮೂರು ವರ್ಷ ಒಂದೂ ಇಲ್ಲ ಸಾಬ್. ಗುಡ್ಡದ ರೋಡು ಅದು.”

ಇಷ್ಟನ್ನೂ ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ, ಒಂದೇ ಪುಟದಲ್ಲಿ ಬರೆದೆವು. 22 ವಾಹನ, 30 ಚಾಲಕರು, ಇಂಧನದ ಲೆಕ್ಕ, ರಿಪೇರಿಯ ವೇಳಾಪಟ್ಟಿ, ಮೂರು ವರ್ಷ ಅಪಘಾತವಿಲ್ಲದ ನಿರ್ವಹಣೆ. ಎಂಟಿ ಹವಾಲ್ದಾರ್ ಅನ್ನುವುದು ಕೊನೆಯ ಸಾಲಿಗೆ ಹೋಯಿತು. ಈಗ ಒಂದು ಶಾಲೆಯ ಹದಿನಾಲ್ಕು ಬಸ್ಸು ಅವನ ಜವಾಬ್ದಾರಿ. ಬೆಳಿಗ್ಗೆ ಆರಕ್ಕೆ ಪ್ರತಿ ಟೈರಿಗೂ ಒದ್ದು ನೋಡುತ್ತಾನಂತೆ. ಅಲ್ಲಿಯ ಮಕ್ಕಳು ಅವನಿಗೆ ಟೈರ್ ಮಾಮ ಅನ್ನುತ್ತಾರೆ.

ಡ್ರೈವರ್‌ಗಳಿಗೆ ಒಂದು ಮಾತು, ಮರೆಯುವ ಮುಂಚೆ. ಮಿಲ್ಟ್ರಿ ಲೈಸೆನ್ಸ್ ತೋರಿಸಿದರೆ ಇಲ್ಲಿ ಬಸ್ಸು ಲಾರಿ ಕೊಡುವುದಿಲ್ಲ. ಆರ್‌ಟಿಒ ಕಚೇರಿಯ ಹೆವಿ ಲೈಸೆನ್ಸ್ ಸೇವೆಯಲ್ಲಿ ಇರುವಾಗಲೇ ಮಾಡಿಸಿಕೊಳ್ಳಿ.

ಇನ್ನು ಸರ್ಕಾರಿ ಕೆಲಸ. ಎಲ್ಲರ ಕಣ್ಣು ಇದರ ಮೇಲೆ, ನನಗೂ ಅನ್ನ ಹಾಕಿದ್ದು ಇದೇ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಕೇಂದ್ರ ಸರ್ಕಾರದ ಗ್ರೂಪ್ ‘ಸಿ’ ಹುದ್ದೆಗಳಲ್ಲಿ ಮಾಜಿ ಸೈನಿಕರಿಗೆ ಶೇ. 10 ಮೀಸಲು. ಸಾರ್ವಜನಿಕ ಉದ್ದಿಮೆ ಮತ್ತು ಸರ್ಕಾರಿ ಬ್ಯಾಂಕುಗಳಲ್ಲಿ ಅದೇ ದರ್ಜೆಗೆ ಶೇ. 14.5. ಅದರಲ್ಲಿ 4.5 ಅಂಗವಿಕಲರಾದ ಸೈನಿಕರಿಗೆ ಮತ್ತು ಹುತಾತ್ಮರ ಅವಲಂಬಿತರಿಗೆ. ರಾಜ್ಯದ ನೇಮಕಾತಿಯಲ್ಲೂ ಮಾಜಿ ಸೈನಿಕ ಅಂತ ಪ್ರತ್ಯೇಕ ಕಾಲಂ ನೋಡಿರುತ್ತೀರಿ.

ವಯಸ್ಸು ಮೀರಿತು ಅಂತ ಎಷ್ಟೋ ಜನ ಅರ್ಜಿಯನ್ನೇ ಹಾಕುವುದಿಲ್ಲ. ಲೆಕ್ಕ ಹೀಗಿದೆ. ನಿಮ್ಮ ವಯಸ್ಸಿನಿಂದ ಸೇವೆಯ ವರ್ಷಗಳನ್ನು ಕಳೆಯಿರಿ. ಉಳಿದದ್ದು ಆ ಹುದ್ದೆಯ ಗರಿಷ್ಠ ವಯಸ್ಸಿಗಿಂತ ಮೂರು ವರ್ಷ ಹೆಚ್ಚಿದ್ದರೂ ನಡೆಯುತ್ತದೆ. 39 ವರ್ಷದವನು 17 ವರ್ಷ ಸೇವೆ ಮಾಡಿದ್ದರೆ ಆ ಲೆಕ್ಕದಲ್ಲಿ ಅವನಿಗೆ 22. ಕಾಲೇಜು ಹುಡುಗ! ಈಗ ಐಬಿಪಿಎಸ್ ನಡೆಸುವ ಬ್ಯಾಂಕ್ ಗುಮಾಸ್ತರ ಪರೀಕ್ಷೆಗೂ ಸೇವೆಯ ಅವಧಿ ಜೊತೆಗೆ ಮೂರು ವರ್ಷ ಸಿಗುತ್ತದೆ, ಆದರೆ ಒಟ್ಟು 50 ದಾಟಬಾರದು. ಡಿಗ್ರಿ ಇಲ್ಲ ಅನ್ನುವವರಿಗೂ ಬಾಗಿಲು ಇದೆ. ಎಸ್ಸೆಸ್ಸೆಲ್ಸಿ ಆಗಿ 15 ವರ್ಷ ಸೇವೆ ಮುಗಿಸಿದವನನ್ನು, ತಾಂತ್ರಿಕ ವಿದ್ಯಾರ್ಹತೆ ಕೇಳದ ಕೇಂದ್ರದ ಗ್ರೂಪ್ ‘ಸಿ’ ಹುದ್ದೆಗಳಿಗೆ ಪದವೀಧರನ ಸಮ ಅಂತ ನೋಡುತ್ತಾರೆ. ರಾಜ್ಯದ ಹುದ್ದೆಗೆ ಆಯಾ ಅಧಿಸೂಚನೆಯಲ್ಲಿ ಏನಿದೆಯೋ ಅದೇ ಕಾನೂನು, ಅದನ್ನು ಪೂರ್ತಿ ಓದಿ. ಬಿಡುಗಡೆಗೆ ಒಂದು ವರ್ಷದೊಳಗೆ ಇರುವವರು ಸೇವೆಯಲ್ಲಿದ್ದೇ ಕೇಂದ್ರದ ಹುದ್ದೆಗಳಿಗೆ ಅರ್ಜಿ ಹಾಕಬಹುದು. ಪೆನ್ಶನ್ ಬಂದು, ಮನೆಗೆ ಸುಣ್ಣ ಬಣ್ಣ ಮಾಡಿಸಿ, ತಿರುಪತಿಗೆ ಹೋಗಿ ಬಂದು ಆಮೇಲೆ ನೋಡೋಣ ಅಂದರೆ ಎರಡು ನೇಮಕಾತಿ ಕೈತಪ್ಪಿರುತ್ತದೆ.

ಒಂದು ಎಡವಟ್ಟು ಬಹಳ ಜನ ಮಾಡಿಕೊಳ್ಳುತ್ತಾರೆ. ಮಾಜಿ ಸೈನಿಕರ ಮೀಸಲಾತಿಯಲ್ಲಿ ಒಂದು ಸರ್ಕಾರಿ ಕೆಲಸಕ್ಕೆ ಸೇರಿದ ಮೇಲೆ ಆ ಮೀಸಲಾತಿ ಅಲ್ಲಿಗೆ ಮುಗಿಯಿತು. ಆದರೆ 2014ರ ಆಗಸ್ಟ್ 14ರ ಕೇಂದ್ರದ ಆದೇಶ ಒಂದಿದೆ. ಆ ಕೆಲಸಕ್ಕೆ ಸೇರುವ ಮುಂಚೆಯೇ ಬೇರೆ ಹುದ್ದೆಗಳಿಗೂ ಅರ್ಜಿ ಹಾಕಿದ್ದರೆ, ಸೇರಿದ ಕೂಡಲೇ ಆ ಅರ್ಜಿಗಳ ಪಟ್ಟಿ ಬರೆದು, ದಿನಾಂಕ ಸಮೇತ ಕಚೇರಿಗೆ ಸ್ವಯಂ ಘೋಷಣೆ ಕೊಡಿ. ಆಗ ಅವುಗಳಿಗೆ ಹಕ್ಕು ಉಳಿಯುತ್ತದೆ. ಕೊಟ್ಟದ್ದಕ್ಕೆ ಸೀಲು ಹಾಕಿದ ಪ್ರತಿ ಇಟ್ಟುಕೊಳ್ಳಿ. ಒಂದು ಹಾಳೆ ಕೊಡದೆ ಹೋಗಿ ಒಳ್ಳೆಯ ಕೆಲಸ ಕಳೆದುಕೊಂಡವರನ್ನು ನಾನು ನೋಡಿದ್ದೇನೆ.

ಕೋಟಾ ಇದೆ ಅಂದಮಾತ್ರಕ್ಕೆ ಕೆಲಸ ಬಂದು ಮಡಿಲಿಗೆ ಬೀಳುವುದಿಲ್ಲ. ನಮ್ಮ ಕೋಟಾದ ಎಷ್ಟೋ ಹುದ್ದೆ ಪಾಸಾದವರು ಸಿಗದೆ ಖಾಲಿ ಉಳಿಯುತ್ತವೆ. ಕಾರಣ ಪರೀಕ್ಷೆ. ನಾನು ಮೊದಲ ಸಲ ಬರೆದಾಗ ಗಣಿತದಲ್ಲಿ ಮಕಾಡೆ ಮಲಗಿದೆ. ಆ ಚಳಿಗಾಲ ಮನೆಯಲ್ಲಿ ಅಡಿಕೆ ಸುಲಿತ ನಡೆಯುತ್ತಿತ್ತು. ರಾತ್ರಿ ಹತ್ತರವರೆಗೂ ಬಲ್ಬಿನ ಕೆಳಗೆ ಹೆಂಗಸರು ಮೆಟ್ಟುಗತ್ತಿ ಇಟ್ಟುಕೊಂಡು ಸಾಲಾಗಿ ಕೂತು ಸುಲಿಯುವವರು. ಅದೇ ಬಲ್ಬಿನ ಬೆಳಕಲ್ಲಿ, ಜಗಲಿಯ ಈಚೆ ತುದಿಯಲ್ಲಿ ನಾನು ಮಗನ ಹತ್ತಿರ ಶೇಕಡಾ ಲೆಕ್ಕ, ಲಾಭ ನಷ್ಟ ಕಲಿಯುತ್ತಿದ್ದೆ. “ಮಿಲ್ಟ್ರಿ ಮಾವಂಗೆ ಮಗ ಮಗ್ಗಿ ಹೇಳ್ಕೊಡ್ತಾ ಇದಾನೆ” ಅಂತ ಅವರೆಲ್ಲ ನಕ್ಕಿದ್ದೇ ನಕ್ಕಿದ್ದು. ತಪ್ಪು ಮಾಡಿದರೆ ಮಗ ತಲೆಗೆ ಮೊಟಕುತ್ತಿರಲಿಲ್ಲ, ಅಷ್ಟೇ. ಎರಡನೇ ಸಲಕ್ಕೆ ಪಾಸಾದೆ.

ಕನ್ನಡದ ಕಥೆ ಇನ್ನೊಂದು. ಇಪ್ಪತ್ತು ವರ್ಷ ಹಿಂದಿ ಆಡಿ ಆಡಿ ನಮ್ಮ ಕನ್ನಡ ಕಲಬೆರಕೆ ಆಗಿರುತ್ತದೆ. ಬ್ಯಾಂಕಿಗೆ ಸೇರಿದ ಹೊಸದರಲ್ಲಿ ಒಂದು ಸುತ್ತೋಲೆಗೆ ಉತ್ತರ ಬರೆಯಲು ಹೇಳಿದರು. ಸುತ್ತೋಲೆ ಅಂದರೆ ಕಿವಿಯ ಓಲೆಯ ಒಂದು ನಮೂನೆ ಇರಬೇಕು ಅಂತ ಅರೆಗಳಿಗೆ ಅನ್ನಿಸಿದ್ದು ಸುಳ್ಳಲ್ಲ. ಈಗ ಬ್ಯಾಂಕಿನ ಗುಮಾಸ್ತರಿಗೆ ಸ್ಥಳೀಯ ಭಾಷೆಯ ಪರೀಕ್ಷೆ ಇದೆ. ರಜೆಗೆ ಬಂದಾಗ ದಿನಾ ಒಂದು ಕನ್ನಡ ಪತ್ರಿಕೆ ಓದಿ, ಮೊಬೈಲಿನಲ್ಲಿ ಕನ್ನಡ ಟೈಪ್ ಮಾಡುವುದು ರೂಢಿ ಮಾಡಿಕೊಳ್ಳಿ.

ಕಾಗದ ಪತ್ರಕ್ಕೆ ಬರೋಣ. ನಮ್ಮ ದಕ್ಷಿಣದವರಿಗೆ ಬರುವ ಒಂದು ಕಾಯಿಲೆ ಇದೆ: ಇನಿಷಿಯಲ್. ಶಾಲೆಯ ದಾಖಲೆಯಲ್ಲಿ ಹೆಸರಿನ ಹಿಂದೆ ಎರಡು ಅಕ್ಷರ, ಡಿಸ್ಚಾರ್ಜ್ ಪುಸ್ತಕದಲ್ಲಿ ಅದೇ ಅಕ್ಷರ ಹೆಸರಿನ ಮುಂದೆ, ಆಧಾರಿನಲ್ಲಿ ಅಪ್ಪನ ಹೆಸರು ಬಿಡಿಸಿ ಬರೆದದ್ದು, ಪ್ಯಾನ್‌ನಲ್ಲಿ ಊರಿನ ಹೆಸರೂ ಸೇರಿದ್ದು. ಉತ್ತರ ಭಾರತದ ಗುಮಾಸ್ತನಿಗೆ ಇದು ನಾಲ್ಕು ಜನರ ಹಾಗೆ ಕಾಣುತ್ತದೆ. ಹೆಂಡತಿಯ ಹೆಸರು ಒಂದು ಕಡೆ ಸಾವಿತ್ರಿ, ಇನ್ನೊಂದು ಕಡೆ ಸಾವಿತ್ರಮ್ಮ. ಹುಟ್ಟಿದ ದಿನ ಕೇಳಿದರೆ ನಮ್ಮ ಕಾಲದವರಲ್ಲಿ ಹತ್ತಕ್ಕೆ ಐದು ಜನ ಜೂನ್ 1. ಶಾಲೆಗೆ ಸೇರಿಸಿಕೊಂಡ ಮೇಷ್ಟ್ರು ಕೊಟ್ಟ ಜನ್ಮದಿನ ಅದು. ಸೇವೆಯಲ್ಲಿರುವಾಗ ಯೂನಿಟ್ಟಿನ ಆಫೀಸಿನಲ್ಲಿ ಪಾರ್ಟ್ ಟು ಆರ್ಡರ್, ಅಂದರೆ ಸೇವಾ ದಾಖಲೆ ತಿದ್ದುವ ಆದೇಶ, ಮಾಡಿಸಿದರೆ ಹೆಸರು ಸರಿಹೋಗುತ್ತದೆ. ಬಿಟ್ಟು ಬಂದ ಮೇಲೆ ಅಫಿಡವಿಟ್ಟು, ರೆಕಾರ್ಡ್ಸ್ ಆಫೀಸಿಗೆ ಪತ್ರ, ಮತ್ತೆ ಪತ್ರ. ರಜೆಯಲ್ಲಿ ಬಂದವರು ಇವತ್ತು ರಾತ್ರಿಯೇ ಎಲ್ಲ ಕಾಗದವನ್ನೂ ಮಂಚದ ಮೇಲೆ ಹರವಿ ಅಕ್ಷರ ಅಕ್ಷರ ಹೋಲಿಸಿ ನೋಡಿ. ಬಂದ ಮೇಲೆ ಮೊದಲ ಕೆಲಸ ಶಿವಮೊಗ್ಗದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಹೋಗಿ ಗುರುತಿನ ಚೀಟಿ ಮಾಡಿಸುವುದು, ಉದ್ಯೋಗಕ್ಕೆ ಹೆಸರು ನೋಂದಾಯಿಸುವುದು. ಕ್ಯಾಂಟೀನ್ ಕಾರ್ಡಿಗೆ ಮೊದಲು ಓಡುತ್ತೀರಿ, ಗೊತ್ತು. ಇದನ್ನೂ ಅದೇ ಓಟದಲ್ಲಿ ಮುಗಿಸಿ.

ದುಡ್ಡು. ಇದನ್ನು ಹೇಳೋಕೆ ಸ್ವಲ್ಪ ನಾಚಿಕೆ. ಕಮ್ಯುಟೇಶನ್, ಗ್ರ್ಯಾಚುಟಿ ಎಲ್ಲ ಸೇರಿ ಒಮ್ಮೆಗೇ ಕೈಗೆ ಬಂದಾಗ ನಾನು ದೊಡ್ಡ ಸಾಹುಕಾರ ಅಂದುಕೊಂಡೆ. ಭಾವನ ಜೊತೆ ಸೇರಿ ಒಂದೂವರೆ ಲಕ್ಷಕ್ಕೆ ಅಡಿಕೆ ತೋಟದ ಚೇಣಿ ಹಿಡಿದೆ, ಅಂದರೆ ಮರದ ಮೇಲಿನ ಫಸಲನ್ನು ಗುತ್ತಿಗೆಗೆ ತೆಗೆದುಕೊಂಡೆ. ಮಿಲ್ಟ್ರಿಯ ಸ್ಟಾಕ್ ಲೆಕ್ಕ ಬರುತ್ತಿತ್ತೇ ಹೊರತು ಮರದ ಮೇಲಿನ ಕೊನೆ, ಅಂದರೆ ಅಡಿಕೆ ಗೊನೆ, ನೋಡಿ ಎಷ್ಟು ಕ್ವಿಂಟಾಲ್ ಅಂತ ಹೇಳೋ ಕಣ್ಣು ನನಗಿರಲಿಲ್ಲ. ಮಳೆ ಬಿಡಲಿಲ್ಲ, ಬೋರ್ಡೋ ಔಷಧಿ ಎರಡನೇ ಸಲ ಹೊಡೆಯೋಕೆ ಆಗಲಿಲ್ಲ, ಕೊಳೆ ರೋಗ ಬಂತು. ಕಾಯಿ ಉದುರಿ ಬುಡದಲ್ಲಿ ಹಾಸಿತ್ತು. ಭಾವನೂ ನಾನೂ ಎರಡು ವರ್ಷ ಸರಿಯಾಗಿ ಮಾತಾಡಲಿಲ್ಲ.

ಕಮ್ಯುಟೇಶನ್ ಅಂದರೆ ನಿಮ್ಮದೇ ಮುಂದಿನ ಪೆನ್ಶನ್ನು, ಮುಂಚೆ ತೆಗೆದುಕೊಂಡದ್ದು. ಮೂಲ ಪೆನ್ಶನ್ 24,000 ಇದ್ದು ಅರ್ಧ ಕಮ್ಯೂಟ್ ಮಾಡಿದರೆ ಮುಂದಿನ 15 ವರ್ಷ ಮೂಲ 12,000 ಮಾತ್ರ. ತುಟ್ಟಿಭತ್ಯೆ ಪೂರ್ತಿ 24,000ದ ಮೇಲೇ ಬರುತ್ತದೆ, ಅದೊಂದು ಸಮಾಧಾನ. ಆ ಹಣ ಬಂದ ಮೊದಲ ವರ್ಷ ಅದನ್ನು ಮುಟ್ಟಬೇಡಿ. ಫೈನಾನ್ಸ್ ಮಾಡೋಣ ಬಾ ಅನ್ನುವ ಗೆಳೆಯ ಆ ವರ್ಷವೇ ಬರುತ್ತಾನೆ.

ಹಾಗಂತ ಸ್ವಂತ ಕೆಲಸವೇ ಬೇಡ ಅನ್ನುತ್ತಿಲ್ಲ. ಹೊಸನಗರ ಕಡೆ ಒಬ್ಬ ಇನ್‌ಫೆಂಟ್ರಿಯ ನಾಯಕ್ ಇದ್ದಾನೆ. ಮರ ಹತ್ತುವ ಕೊನೆಗಾರರು ಸಿಗದೆ ಮಲೆನಾಡಿನ ತೋಟದವರು ಒದ್ದಾಡುತ್ತಿರುವುದು ನಿಮಗೆ ಗೊತ್ತು. ಇವನು ಕಾರ್ಬನ್ ಫೈಬರ್ ದೋಟಿ, ಅಂದರೆ ಉದ್ದನೆಯ ಕೋಲು, ತಂದು, ನಾಲ್ಕು ಹುಡುಗರನ್ನು ಕಟ್ಟಿಕೊಂಡು ನೆಲದ ಮೇಲೆ ನಿಂತೇ ಔಷಧಿ ಹೊಡೆಸುತ್ತಾನೆ, ಕೊನೆ ತೆಗೆಸುತ್ತಾನೆ. ಸಾಲ ಮಾಡಿದ್ದು ದೋಟಿಗೆ ಮಾತ್ರ. ಅದಕ್ಕೂ ಮುಂಚೆ ಒಂದು ಮಳೆಗಾಲ ಬೇರೆಯವರ ತಂಡದಲ್ಲಿ ಕೂಲಿಗೆ ಹೋಗಿ ಕೆಲಸ ಕಲಿತ. ಅವನ ಹತ್ತಿರ ಒಂದು ನೋಟ್‌ಬುಕ್ ಇದೆ: ಯಾವ ತೋಟ, ಯಾವ ದಿನ, ಎಷ್ಟು ಮರ, ಮೊದಲ ಔಷಧಿ ಆಗಿ ಎಷ್ಟು ದಿನ ಆಯಿತು. ನೋಡಿದರೆ ಥೇಟ್ ಗಾರ್ಡ್ ಡ್ಯೂಟಿ ಪಟ್ಟಿ. ಏಳು ಗಂಟೆ ಅಂದರೆ ಏಳಕ್ಕೆ ತೋಟದ ದಣಪೆ ದಾಟಿರುತ್ತಾನೆ. “ಬರ್ತೀನಿ ಅಂದ ದಿನ ಬರ್ತಾನೆ” ಅನ್ನುವುದೇ ಅವನ ಬೋರ್ಡು, ಬೇರೆ ಜಾಹೀರಾತಿಲ್ಲ.

ನಮ್ಮ ಅಪ್ಪಂದಿರ ಕಾಲದಲ್ಲಿ ಇಷ್ಟೆಲ್ಲ ತಲೆಬಿಸಿ ಇರಲಿಲ್ಲ, ಭದ್ರಾವತಿಗೆ ಹೋದರೆ ಕಬ್ಬಿಣದ್ದೋ ಕಾಗದದ್ದೋ ಕಾರ್ಖಾನೆ ಇತ್ತು. ಈಗ ಕಾಗದದ ಕಾರ್ಖಾನೆ ನಿಂತಿದೆ. 1923ರ ಆ ಕಬ್ಬಿಣದ ಕಾರ್ಖಾನೆ ಹೆಸರಿಗೆ ಉಸಿರಾಡುತ್ತಿದೆ. ಅದನ್ನು ಮಾತಾಡಲು ಹೊರಟರೆ ಸಂಜೆ ಆಗುತ್ತದೆ, ಬಿಡಿ.

ಹಿಂದಿನ ಸಾಲಿನಲ್ಲಿ ಕೂತಿರುವ ತಂದೆ ತಾಯಂದಿರಿಗೆ, ನಿಮ್ಮ ಮಕ್ಕಳು ಅಗ್ನಿವೀರರಾಗಿದ್ದರೆ ಲೆಕ್ಕ ಬೇರೆ. 2022ರ ಜೂನ್ 14ರಂದು ಬಂದ ಯೋಜನೆ ಅದು. ನಾಲ್ಕು ವರ್ಷ ಸೇವೆ, ಹೆಚ್ಚೆಂದರೆ ಶೇ. 25ರಷ್ಟು ಜನ ಮುಂದುವರಿಯುತ್ತಾರೆ. ಉಳಿದವರು ಸೇವಾ ನಿಧಿ ಅಂತ ಸುಮಾರು 11.71 ಲಕ್ಷ ತೆಗೆದುಕೊಂಡು ಮನೆಗೆ ಬರುತ್ತಾರೆ. ಪೆನ್ಶನ್ ಇಲ್ಲ. ಮಾಜಿ ಸೈನಿಕ ಅನ್ನುವ ಸ್ಥಾನವೂ ಇಲ್ಲ. ಅಂದರೆ ನಾನು ಇಷ್ಟು ಹೊತ್ತು ಹೇಳಿದ ಮಾಜಿ ಸೈನಿಕರ ಕೋಟಾ ಅವರಿಗೆ ಅನ್ವಯಿಸುವುದಿಲ್ಲ. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳಲ್ಲಿ ಅವರಿಗೇ ಬೇರೆ ಮೀಸಲಾತಿ ಘೋಷಣೆ ಆಗಿದೆ, ವಯಸ್ಸಿನ ಸಡಿಲಿಕೆಯೂ ಇದೆ. ಮೊದಲ ತಂಡದವರ ನಾಲ್ಕು ವರ್ಷ ತುಂಬುವುದು 2026–27ರಲ್ಲಿ. ಇಪ್ಪತ್ತೆರಡು ಇಪ್ಪತ್ಮೂರರ ಹುಡುಗರು. ನನಗೆ ಹೇಳಲು ಒಂದೇ ಇದೆ, ಅವರು ಬಂದ ವಾರವೇ ಬೈಕ್ ಶೋರೂಮಿಗೆ ಕರೆದುಕೊಂಡು ಹೋಗಬೇಡಿ. ಹತ್ತನೇ ಕ್ಲಾಸು ಮುಗಿಸಿ ಸೈನ್ಯಕ್ಕೆ ಸೇರಿದವರಿಗೆ ಸೇವೆಯಲ್ಲಿದ್ದೇ ಹನ್ನೆರಡನೆಯದರ ಪ್ರಮಾಣಪತ್ರ ಸಿಗುವ ಏರ್ಪಾಡಿದೆ. ಅದನ್ನು ತಂದಿದ್ದಾನಾ ಕೇಳಿ, ಮುಂದಕ್ಕೆ ಓದುತ್ತಾನಾ ಕೇಳಿ. ಈ ಯೋಜನೆ ಸರಿಯೋ ತಪ್ಪೋ ಅಂತ ಊಟದ ಹೊತ್ತಿಗೆ ಜಗಳ ಆಡೋಣ, ನನಗೂ ಅಭಿಪ್ರಾಯ ಇದೆ.

ಅಡುಗೆಯವರು ಸಾರು ಕುದಿಯುತ್ತಿದೆ, ಇನ್ನೂ ಮುಕ್ಕಾಲು ಗಂಟೆ ಬೇಕು ಅಂತಿದ್ದಾರೆ. ಬಾಗಿಲ ಹತ್ತಿರದ ಮೇಜಿನ ಮೇಲೆ ಬಿಳಿ ಹಾಳೆ, ಪೆನ್ನು ಇಟ್ಟಿದ್ದೇನೆ. ಒಬ್ಬೊಬ್ಬರು ಒಂದೊಂದು ಪುಟ ಬರೆದು ತನ್ನಿ. ರ‍್ಯಾಂಕು, ಯೂನಿಟ್ಟು ಕೊನೆಯ ಸಾಲಿಗೆ ಇರಲಿ. ಬೆಳಿಗ್ಗೆ ಎದ್ದು ಏನು ಮಾಡುತ್ತಿದ್ದಿರಿ, ಎಷ್ಟು ಜನ, ಎಷ್ಟು ಮಾಲು, ಎಷ್ಟು ಗಾಡಿ, ಅಲ್ಲಿಂದ ಶುರುಮಾಡಿ. ನಾನು ಈ ಕಿಟಕಿಯ ಹತ್ತಿರವೇ ಕೂತಿರುತ್ತೇನೆ. ಕೆಂಪು ಪೆನ್ನು ತಂದಿದ್ದೇನೆ.